ಅವನನ್ನ ಯಾಕೆ ತಗೊಳ್ಳಲಿಲ್ಲ? ಆಟಗಾರನ ರಾಜಕೀಯ ಮತ್ತು ತಂಡದ ಆಯ್ಕೆ

2023ರ ಜುಲೈ 4, ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಭಾರತ ಮತ್ತು ಕುವೈತ್ 1-1 ಸಮ ಆದ ಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 5-4ರಿಂದ ಗೆದ್ದಿತು. ಮೆಡಲ್ ತಗೊಳ್ಳೋ ಹೊತ್ತಿಗೆ ನಮ್ಮ ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ಮೈಮೇಲೆ ಏಳು ಬಣ್ಣದ ಒಂದು ಬಾವುಟ ಇತ್ತು. ಅದು ಮಣಿಪುರದ ಮೈತೇಯಿ ಜನ ತಮ್ಮದು ಅಂತ ಹಾರಿಸೋ ಬಾವುಟ. ಆಗ ಮಣಿಪುರದಲ್ಲಿ ಮೇ ತಿಂಗಳಿಂದ ಗಲಭೆ ನಡೀತಾ ಇತ್ತು. ಜೀಕ್ಸನ್ ಅದೇ ರಾಜ್ಯದ ಹುಡುಗ.

ಸ್ವಲ್ಪ ಹೊತ್ತಲ್ಲೇ ಸೋಷಿಯಲ್ ಮೀಡಿಯಾ ಹೊತ್ತಿಕೊಂಡಿತು. ದೇಶದ ಪಂದ್ಯದಲ್ಲಿ ಒಂದು ಸಮುದಾಯದ ಬಾವುಟ ಯಾಕೆ ಅಂತ ಒಂದು ಕಡೆ, ಊರು ಉರೀತಾ ಇರುವಾಗ ಹುಡುಗ ಇನ್ನೇನು ಮಾಡಬೇಕು ಅಂತ ಇನ್ನೊಂದು ಕಡೆ. ಯಾರ ಮನಸ್ಸನ್ನೂ ನೋಯಿಸೋ ಉದ್ದೇಶ ಇರಲಿಲ್ಲ, ನನ್ನ ರಾಜ್ಯದಲ್ಲಿ ಆಗ್ತಿರೋದರ ಕಡೆ ಗಮನ ಸೆಳೆಯಬೇಕಿತ್ತು ಅಂತ ಜೀಕ್ಸನ್ ವಿವರಣೆ ಕೊಟ್ಟ. ನೆನಪಿಡಿ, 2017ರಲ್ಲಿ ಡೆಲ್ಲಿಯಲ್ಲಿ ಕೊಲಂಬಿಯಾ ವಿರುದ್ಧ ಹೆಡರ್ ಹೊಡೆದು, ಫಿಫಾ ವರ್ಲ್ಡ್ ಕಪ್ ಟೂರ್ನಿಯೊಂದರಲ್ಲಿ ಭಾರತದ ಮೊಟ್ಟಮೊದಲ ಗೋಲು ಬಾರಿಸಿದವನು ಇವನೇ. ಅದು 17 ವರ್ಷದೊಳಗಿನವರ ವರ್ಲ್ಡ್ ಕಪ್. ಬಾವುಟದ ಗಲಾಟೆ ಆದ ಮೇಲೂ ಅವನು ಭಾರತ ತಂಡಕ್ಕೆ ಆಡಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಹಾಕ್ಕೊಳ್ಳೋಣ. ಒಂದು ವೇಳೆ ಮುಂದಿನ ಟೂರ್ನಿಗೆ ಅವನ ಹೆಸರು ಬರದೇ ಹೋಗಿದ್ದಿದ್ರೆ? "ಬಾವುಟದಿಂದಾನೇ ತೆಗೆದ್ರು" ಅಂತ ಅರ್ಧ ದೇಶ ಹೇಳ್ತಿತ್ತು. "ಇಲ್ಲ, ಫಾರ್ಮ್ ಇಲ್ಲ, ಇಂಜುರಿ" ಅಂತ ಇನ್ನರ್ಧ. ಯಾರು ಸರಿ ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ? ಒಬ್ಬ ಆಟಗಾರನನ್ನ ರಾಜಕೀಯದ ಕಾರಣಕ್ಕೆ ಹೊರಗಿಟ್ರೋ ಅಥವಾ ಆಟದ ಕಾರಣಕ್ಕೋ ಅನ್ನೋದನ್ನ ಹೊರಗಿಂದ ನೋಡೋ ನಾವು ಹೇಗೆ ಯೋಚಿಸಬಹುದು ಅನ್ನೋದೇ ಈ ಲೇಖನ.

ಮೊದಲು ಮಾರಿಕಣಿವೆ

ಫುಟ್‌ಬಾಲ್‌ಗೆ ಹೋಗೋ ಮುಂಚೆ ಒಂದು ನಿಮಿಷ ಹಿರಿಯೂರಿಗೆ ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ, ಅಂದ್ರೆ 89 ವರ್ಷ ಆದ ಮೇಲೆ. ಹಿರಿಯೂರು, ಹೊಸದುರ್ಗದ ಕಡೆಯವರಿಗೆ ಆ ದಿನಗಳು ಚೆನ್ನಾಗಿ ನೆನಪಿರುತ್ತವೆ. ಜನ ಟ್ರ್ಯಾಕ್ಟರ್ ಮಾಡ್ಕೊಂಡು ನೋಡೋಕೆ ಹೋದ್ರು. ಜೊತೆಗೆ ಒಂದು ಚರ್ಚೆನೂ ಶುರುವಾಯ್ತು. ಡ್ಯಾಮ್ ತುಂಬಿದ್ದು ಮಳೆಯಿಂದಾನಾ, ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಹರಿಸಿದ ನೀರಿನಿಂದಾನಾ? ಅದರ ಹಿಂದಿನ ವರ್ಷಗಳಲ್ಲಿ ಭದ್ರೆಯ ನೀರು ಬಂದು ಮಟ್ಟ ಮೇಲಕ್ಕೆ ಏರಿತ್ತು. ಆ ವರ್ಷ ವೇದಾವತಿ ಕಡೆ ಮಳೆಯೂ ಜೋರಾಗಿತ್ತು.

ಕೋಡಿ ಹತ್ರ ನಿಂತು "ಈ ಹನಿ ಮಳೇದು, ಈ ಹನಿ ಭದ್ರಾದು" ಅಂತ ತೋರಿಸೋಕೆ ಆಗಲ್ಲ. ಎರಡೂ ಸೇರಿ ಒಂದೇ ನೀರು. ಆದ್ರೆ "ಹೇಳೋಕೇ ಆಗಲ್ಲ" ಅಂತ ಕೈ ಚೆಲ್ಲೋದೂ ತಪ್ಪು. ಯಾವ ದಿನ ಎಷ್ಟು ಒಳಹರಿವು ಇತ್ತು, ಯಾವ ವರ್ಷ ಪಂಪ್ ಓಡಿತು, ಮಳೆ ಬಂದು ಭದ್ರಾ ನೀರು ಇಲ್ಲದ ಹಳೇ ವರ್ಷಗಳಲ್ಲಿ ಮಟ್ಟ ಎಲ್ಲಿವರೆಗೆ ಬಂದಿತ್ತು ಅಂತ ಲೆಕ್ಕ ಹಾಕಿದ್ರೆ ಒಂದು ಅಂದಾಜು ಸಿಗುತ್ತೆ. ತಂಡದ ಆಯ್ಕೆಯೂ ಹೀಗೇನೇ. ಫಾರ್ಮ್, ವಯಸ್ಸು, ಪೈಪೋಟಿ, ಕೋಚ್‌ನ ಪ್ಲಾನ್, ಡ್ರೆಸ್ಸಿಂಗ್ ರೂಮ್ ಸಂಬಂಧ, ರಾಜಕೀಯ, ಎಲ್ಲಾ ಕಾಲುವೆಗಳೂ ಒಂದೇ ಕೆರೆಗೆ ಬೀಳ್ತವೆ. ಕೊನೆಗೆ ನಮಗೆ ಕಾಣೋದು ಒಂದು ಲಿಸ್ಟ್ ಮಾತ್ರ. ಅದರಲ್ಲಿ ಹೆಸರು ಇದೆ, ಅಥವಾ ಇಲ್ಲ.

ಲಿವೊರ್ನೊದ ಹುಡುಗ

ಈ ವಿಷಯದಲ್ಲಿ ಪ್ರಪಂಚದಲ್ಲಿ ಹೆಚ್ಚು ಮಾತಾಡೋ ಕೇಸ್‌ಗಳಲ್ಲಿ ಒಂದು ಇಟಲಿಯ ಸ್ಟ್ರೈಕರ್ ಕ್ರಿಸ್ಟಿಯಾನೊ ಲುಕರೆಲ್ಲಿಯದು. 1975ರಲ್ಲಿ ಲಿವೊರ್ನೊ ಅನ್ನೋ ಬಂದರು ಊರಲ್ಲಿ ಹುಟ್ಟಿದವನು. ಅಪ್ಪ ಬಂದರಿನಲ್ಲಿ ಕೆಲಸ ಮಾಡ್ತಿದ್ದರು. ಇಟಲಿಯ ಕಮ್ಯುನಿಸ್ಟ್ ಪಕ್ಷ 1921ರಲ್ಲಿ ಹುಟ್ಟಿದ್ದೂ ಅದೇ ಊರಲ್ಲಿ. ಆ ಊರಿನ ಫುಟ್‌ಬಾಲ್ ಸ್ಟ್ಯಾಂಡ್‌ಗಳಲ್ಲಿ ಕೆಂಪು ಬಾವುಟ ಹಾರೋದು ಮಾಮೂಲು.

1997ರ ಮಾರ್ಚ್‌ನಲ್ಲಿ ಇಟಲಿಯ ಅಂಡರ್-21 ತಂಡ ಮಾಲ್ಡೋವಾ ವಿರುದ್ಧ ಆಡಿದ್ದು ಲಿವೊರ್ನೊದಲ್ಲೇ. ಲುಕರೆಲ್ಲಿ ಗೋಲು ಹೊಡೆದ, ಜೆರ್ಸಿ ಎತ್ತಿದ, ಒಳಗೆ ಚೆ ಗೆವಾರನ ಚಿತ್ರ ಇದ್ದ ಟೀಶರ್ಟ್. ಊರಿನವರು ಕುಣಿದಾಡಿದ್ರು, ಪೇಪರ್‌ನವರು ಬರೆದ್ರು. ಅಂಡರ್-21 ತಂಡಕ್ಕೆ ಅವನು 10 ಪಂದ್ಯದಲ್ಲಿ 10 ಗೋಲು ಹೊಡೆದಿದ್ದ. ಅಂಥವನು ಸೀನಿಯರ್ ತಂಡಕ್ಕೆ ಮೊದಲ ಪಂದ್ಯ ಆಡಿದ್ದು 2005ರ ಜೂನ್‌ನಲ್ಲಿ, ಟೊರೊಂಟೊದಲ್ಲಿ, ಸರ್ಬಿಯಾ-ಮಾಂಟೆನೆಗ್ರೊ ವಿರುದ್ಧ. ನಡುವೆ ಎಂಟು ವರ್ಷ.

ಟೀಶರ್ಟ್ ತೋರಿಸಿದ, ಎಂಟು ವರ್ಷ ಹೊರಗೆ. ಕಥೆ ಎಷ್ಟು ನೀಟಾಗಿ ಕೂರುತ್ತೆ ನೋಡಿ! ಒಂದು ಪೋಸ್ಟರ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ರೆ ಸಾವಿರ ಲೈಕ್ ಗ್ಯಾರಂಟಿ. ಆದ್ರೆ ಕಥೆ ನೀಟಾಗಿದ್ದಷ್ಟೂ ಅದನ್ನ ಜಾಸ್ತಿ ಚೆಕ್ ಮಾಡ್ಬೇಕು. ನಾಲ್ಕು ಪ್ರಶ್ನೆಗಳಿಂದ ಚೆಕ್ ಮಾಡೋಣ.

ಪ್ರಶ್ನೆ 1: ಯಾವುದು ಮೊದಲು, ಯಾವುದು ಆಮೇಲೆ?

ಕಾರಣ ಯಾವಾಗಲೂ ಪರಿಣಾಮಕ್ಕಿಂತ ಮುಂಚೆ ಬರಬೇಕು. ಇದು ತುಂಬಾ ಸುಲಭದ ಟೆಸ್ಟ್, ಆದ್ರೂ ಎಷ್ಟೋ ಕಥೆಗಳು ಇಲ್ಲೇ ಬಿದ್ದು ಹೋಗ್ತವೆ.

ಲುಕರೆಲ್ಲಿಗೆ ಪೂರ್ತಿ ಎದುರು ಬದಿಯಲ್ಲಿ ನಿಲ್ಲೋನು ಪಾವೊಲೊ ಡಿ ಕಾನಿಯೊ. 2005ರ ಜನವರಿಯಲ್ಲಿ ರೋಮ್ ಡರ್ಬಿ ಗೆದ್ದ ಮೇಲೆ ಲಾಜಿಯೊ ಅಭಿಮಾನಿಗಳ ಕಡೆ ಬಲಗೈ ಚಾಚಿ ಫ್ಯಾಸಿಸ್ಟ್ ಸೆಲ್ಯೂಟ್ ಹೊಡೆದವನು. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಹೊಡೆದ, ಅದರಲ್ಲೂ ಒಂದು ಸಲ ಲಿವೊರ್ನೊ ವಿರುದ್ಧದ ಪಂದ್ಯದಲ್ಲೇ. ಒಂದು ಪಂದ್ಯ ನಿಷೇಧ, 10,000 ಯುರೋ ದಂಡ ಬಿತ್ತು. ಡಿ ಕಾನಿಯೊ ಒಳ್ಳೇ ಆಟಗಾರ, ಇಂಗ್ಲೆಂಡ್‌ನಲ್ಲಿ ವೆಸ್ಟ್ ಹ್ಯಾಮ್ ಅಭಿಮಾನಿಗಳಿಗೆ ಹೀರೋ. 2000ದಲ್ಲಿ ಎದುರಾಳಿ ಗೋಲ್‌ಕೀಪರ್ ಗಾಯಗೊಂಡು ಬಿದ್ದಿದ್ದಾಗ, ಗೋಲು ಹೊಡೆಯೋ ಬದಲು ಚೆಂಡನ್ನ ಕೈಯಲ್ಲಿ ಹಿಡಿದು ಆಟ ನಿಲ್ಲಿಸಿದ್ದಕ್ಕೆ ಫಿಫಾದ ಫೇರ್ ಪ್ಲೇ ಪ್ರಶಸ್ತಿಯೂ ಬಂದಿತ್ತು. ಆದ್ರೆ ಇಟಲಿ ಸೀನಿಯರ್ ತಂಡಕ್ಕೆ ಒಂದು ಪಂದ್ಯವೂ ಆಡಲಿಲ್ಲ.

"ಫ್ಯಾಸಿಸ್ಟ್ ಅಂತ ತಗೊಳ್ಳಲಿಲ್ಲ" ಅಂತ ಹೇಳಬಹುದಾ? 2005ರ ಆ ಸೆಲ್ಯೂಟ್ ಹೊತ್ತಿಗೆ ಅವನಿಗೆ 36 ವರ್ಷ. ಆಯ್ಕೆ ಆಗಬೇಕಿದ್ದ ವರ್ಷಗಳೆಲ್ಲಾ ಆಗಲೇ ಮುಗಿದಿದ್ದವು. ಅದಕ್ಕೂ ಮುಂಚೆ, 1998ರಲ್ಲಿ ರೆಫರಿಯನ್ನೇ ತಳ್ಳಿ 11 ಪಂದ್ಯ ಹೊರಗೆ ಕೂತಿದ್ದ. ಅಂದ್ರೆ ಸೆಲ್ಯೂಟ್‌ನಿಂದ ಅವಕಾಶ ತಪ್ಪಿತು ಅನ್ನೋದು ಕಾಲದ ಲೆಕ್ಕದಲ್ಲೇ ಕೂರಲ್ಲ.

ಲುಕರೆಲ್ಲಿ ಈ ಟೆಸ್ಟ್ ಪಾಸ್ ಆಗ್ತಾನೆ. ಟೀಶರ್ಟ್ 1997ರಲ್ಲಿ, ಕಾಯುವಿಕೆ ಆಮೇಲೆ. ಆದ್ರೆ ಪಾಸ್ ಆದ್ರೆ "ಸಾಧ್ಯ ಇದೆ" ಅಂತ ಮಾತ್ರ ಅರ್ಥ, "ಸಾಬೀತಾಯ್ತು" ಅಂತ ಅಲ್ಲ.

ಪ್ರಶ್ನೆ 2: ಆ ಜಾಗಕ್ಕೆ ಕ್ಯೂನಲ್ಲಿ ಯಾರ್ಯಾರಿದ್ರು?

ಆಯ್ಕೆ ಅಂದ್ರೆ ಒಬ್ಬನಿಗೆ ಮಾರ್ಕ್ಸ್ ಕೊಡೋದಲ್ಲ, ರ‍್ಯಾಂಕ್ ಕೊಡೋದು. ಸಿಇಟಿ ಬರೆದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮ ಮಾರ್ಕ್ಸ್ ಎಷ್ಟೇ ಚೆನ್ನಾಗಿದ್ರೂ, ಮುಂದೆ ಎಷ್ಟು ಜನ ಇದ್ದಾರೆ ಅನ್ನೋದೇ ಸೀಟ್ ತೀರ್ಮಾನ ಮಾಡೋದು.

1997ರಿಂದ 2005ರವರೆಗೆ ಇಟಲಿಯ ಸ್ಟ್ರೈಕರ್‌ಗಳ ಸಾಲು ನೋಡಿ. ಕ್ರಿಸ್ಟಿಯನ್ ವಿಯೇರಿ, ಫಿಲಿಪ್ಪೊ ಇನ್ಜಾಗಿ, ಡೆಲ್ ಪಿಯೆರೊ, ಟೊಟ್ಟಿ, ಮೊಂಟೆಲ್ಲಾ, ಸ್ವಲ್ಪ ಕಾಲ ರೊಬೆರ್ಟೊ ಬಜ್ಜೊ. ಪ್ರಪಂಚದಲ್ಲಿ ಬೇರೆ ಯಾವ ದೇಶಕ್ಕೂ ಆಗ ಇಷ್ಟು ಉದ್ದದ ಸಾಲು ಇದ್ದಿರಲಿಕ್ಕಿಲ್ಲ. ಬಜ್ಜೊಗೇ 2002ರ ವರ್ಲ್ಡ್ ಕಪ್‌ಗೆ ಸೀಟ್ ಸಿಗಲಿಲ್ಲ.

ಅದೇ ವರ್ಷಗಳಲ್ಲಿ ಲುಕರೆಲ್ಲಿ ಎಲ್ಲಿದ್ದ? ಅಟಲಾಂಟಾ, ಸ್ಪೇನ್‌ನ ವಲೆನ್ಸಿಯಾ, ಲೆಚ್ಚೆ, ಟೊರಿನೊ. ವಲೆನ್ಸಿಯಾದಲ್ಲಿ ಆಡೋಕೆ ಸಿಕ್ಕಿದ್ದೇ ಕಡಿಮೆ. ಲೆಚ್ಚೆಯಲ್ಲಿ ಚೆನ್ನಾಗಿ ಗೋಲು ಹೊಡೆದ, ಆದ್ರೆ ಅದು ದೊಡ್ಡ ಕ್ಲಬ್ ಅಲ್ಲ. 2003ರಲ್ಲಿ ಅವನು ಸಂಬಳ ಕಮ್ಮಿ ಆದ್ರೂ ಪರವಾಗಿಲ್ಲ ಅಂತ ಹುಟ್ಟೂರು ಲಿವೊರ್ನೊಗೆ ಬಂದ. ಲಿವೊರ್ನೊ ಆಗ ಇದ್ದದ್ದು ಎರಡನೇ ದರ್ಜೆಯ ಲೀಗ್‌ನಲ್ಲಿ. ಬೆನ್ನ ಮೇಲೆ 99 ನಂಬರ್ ಹಾಕ್ಕೊಂಡ. ಅದು ಊರಿನ ಎಡಪಂಥೀಯ ಅಭಿಮಾನಿಗಳ ಸಂಘ ಶುರುವಾದ 1999ನೇ ಇಸವಿಯ ಗುರುತು. ಎರಡನೇ ದರ್ಜೆಯಲ್ಲಿ ಆಡೋ ಸ್ಟ್ರೈಕರ್‌ನನ್ನ ಯಾವ ಕೋಚೂ ವಿಯೇರಿ ಜಾಗಕ್ಕೆ ಕರೆಯಲ್ಲ.

ಅಂದ್ರೆ ಆ ಎಂಟು ವರ್ಷದಲ್ಲಿ ಬಹುಪಾಲಿಗೆ ಆಟದ ಕಾರಣಗಳೇ ಸಾಕು. ರಾಜಕೀಯವನ್ನ ತರದೇನೇ ಲೆಕ್ಕ ಹೆಚ್ಚು ಕಮ್ಮಿ ಟ್ಯಾಲಿ ಆಗುತ್ತೆ.

ಪ್ರಶ್ನೆ 3: ಅದೇ ಕೆಲಸ ಮಾಡಿದ ಬೇರೆಯವರಿಗೆ ಏನಾಯ್ತು?

ಲ್ಯಾಬ್‌ನಲ್ಲಿ ನಾವು ಒಂದು ವೇರಿಯಬಲ್ ಬದಲಾಯಿಸಿ ಉಳಿದಿದ್ದನ್ನ ಹಾಗೇ ಇಡ್ತೀವಿ. ಜೀವನದಲ್ಲಿ ಅದು ಆಗಲ್ಲ, ಆದ್ರೆ ಹತ್ತಿರದ ಜೋಡಿ ಹುಡುಕಬಹುದು.

ಅದೇ 1997ರ ಮಾರ್ಚ್, ಅದೂ ಒಂದೇ ವಾರದ ಅಂತರದಲ್ಲಿ. ಲಿವರ್‌ಪೂಲ್‌ನ ಸ್ಟ್ರೈಕರ್ ರಾಬಿ ಫೌಲರ್ ನಾರ್ವೆಯ ಬ್ರಾನ್ ತಂಡದ ವಿರುದ್ಧ ಗೋಲು ಹೊಡೆದು ಜೆರ್ಸಿ ಎತ್ತಿದ. ಒಳಗಿನ ಟೀಶರ್ಟ್ ಮೇಲೆ ಲಿವರ್‌ಪೂಲ್ ಬಂದರಿನಲ್ಲಿ ಕೆಲಸ ಕಳಕೊಂಡಿದ್ದ ಕಾರ್ಮಿಕರ ಪರ ಬರಹ. ಇವನದೂ ಬಂದರು ಊರು, ಇವನೂ ಸ್ಟ್ರೈಕರ್, ಟೀಶರ್ಟೂ ಎಡಪಂಥೀಯ. ಯುಯೆಫಾ 2,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಆದ್ರೆ ಇಂಗ್ಲೆಂಡ್ ತಂಡದಲ್ಲಿ ಅವನು 2002ರವರೆಗೂ ಆಡಿದ, ಒಟ್ಟು 26 ಪಂದ್ಯ.

ಇನ್ನೂ ದೊಡ್ಡ ಉದಾಹರಣೆ ಬ್ರೆಜಿಲ್‌ನ ಸೊಕ್ರಾಟೆಸ್. ಡಾಕ್ಟರ್ ಓದಿದ ಫುಟ್‌ಬಾಲರ್. ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಸೇನೆಯ ಆಡಳಿತ ಇತ್ತು. ಅಂಥ ಹೊತ್ತಲ್ಲಿ ಕೊರಿಂಥಿಯನ್ಸ್ ಕ್ಲಬ್‌ನಲ್ಲಿ ಸೊಕ್ರಾಟೆಸ್ ಮತ್ತು ಗೆಳೆಯರು ಸೇರಿ ಎಲ್ಲಾ ತೀರ್ಮಾನವನ್ನೂ ವೋಟ್ ಹಾಕಿ ಮಾಡೋ ಪದ್ಧತಿ ತಂದ್ರು. 1982ರ ಚುನಾವಣೆಗೆ ಜನ ವೋಟ್ ಮಾಡಬೇಕು ಅಂತ ಜೆರ್ಸಿ ಮೇಲೇ ಬರೆಸಿಕೊಂಡು ಆಡಿದ್ರು. ಸರ್ವಾಧಿಕಾರಕ್ಕೆ ಎದುರು ನಿಂತ ಇದೇ ಸೊಕ್ರಾಟೆಸ್ 1982ರ ವರ್ಲ್ಡ್ ಕಪ್‌ನಲ್ಲಿ ಬ್ರೆಜಿಲ್‌ಗೆ ಕ್ಯಾಪ್ಟನ್!

ಹಾಗಾದ್ರೆ ರಾಜಕೀಯ ಮಾತಾಡಿದ್ರೆ ಏನೂ ಆಗಲ್ವಾ? ಅಷ್ಟು ಅವಸರ ಬೇಡ. ಸೊಕ್ರಾಟೆಸ್‌ನ ಬಿಟ್ಟು ಬ್ರೆಜಿಲ್ ಮಿಡ್‌ಫೀಲ್ಡ್ ಕಟ್ಟೋಕೆ ಯಾವ ಕೋಚ್‌ಗೂ ಧೈರ್ಯ ಇರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಜೊತೆಗೆ, "ಹೊರಗಿಟ್ರು" ಮತ್ತು "ಹೊರಗುಳಿದ" ಎರಡೂ ಬೇರೆ. ಬಾರ್ಸಿಲೋನಾದ ಡಿಫೆಂಡರ್ ಒಲೆಗೆರ್ ಪ್ರೆಸಾಸ್ ಕ್ಯಾಟಲೋನಿಯಾ ಸ್ವಾತಂತ್ರ್ಯದ ಪರ ಇದ್ದವನು. ಸ್ಪೇನ್ ಕೋಚ್ ಕರೆದ್ರೂ ಆ ತಂಡಕ್ಕೆ ಆಡೋಕೆ ಮನಸ್ಸಿಲ್ಲ ಅಂದ. 2007ರಲ್ಲಿ ಒಂದು ರಾಜಕೀಯ ಲೇಖನ ಬರೆದದ್ದಕ್ಕೆ ಅವನ ಶೂ ಕಂಪನಿ ಸ್ಪಾನ್ಸರ್‌ಶಿಪ್ ನಿಲ್ಲಿಸಿತು. ಅಂದ್ರೆ ಬೆಲೆ ಕಟ್ಟಿದ, ಆದ್ರೆ ಆಯ್ಕೆದಾರರಿಗಲ್ಲ.

ಪ್ರಶ್ನೆ 4: ವಾಪಸ್ ತಗೊಂಡಾಗ ಏನು ಬದಲಾಗಿತ್ತು?

2004ರಲ್ಲಿ ಲುಕರೆಲ್ಲಿಯ 29 ಗೋಲುಗಳ ಬಲದಿಂದ ಲಿವೊರ್ನೊ 55 ವರ್ಷದ ಮೇಲೆ ಮೊದಲ ದರ್ಜೆಗೆ ಬಂತು. ಮುಂದಿನ ಸೀಸನ್‌ನಲ್ಲಿ ಅವನು 24 ಗೋಲು ಹೊಡೆದು ಇಡೀ ಲೀಗ್‌ಗೇ ನಂಬರ್ ಒನ್ ಆದ. ಆ ಸೀಸನ್ ಮುಗೀತಿದ್ದ ಹಾಗೆ ಕೋಚ್ ಮಾರ್ಚೆಲ್ಲೊ ಲಿಪ್ಪಿ ಕರೆದ್ರು. ಮೊದಲ ಪಂದ್ಯದಲ್ಲೇ ಗೋಲು ಬಂತು.

ಇಷ್ಟರಲ್ಲಿ ಅವನ ರಾಜಕೀಯ ಏನಾದ್ರೂ ಬದಲಾಗಿತ್ತಾ? ಇಲ್ಲ. ಮುಷ್ಟಿ ಎತ್ತಿ ಸಂಭ್ರಮಿಸೋದು ಹಾಗೇ ಇತ್ತು, 99 ನಂಬರೂ ಹಾಗೇ ಇತ್ತು. ಬದಲಾಗಿದ್ದು ಗೋಲಿನ ಸಂಖ್ಯೆ. ಹಾಗಾಗಿ ಇಟಲಿ ತಂಡದ ಬಾಗಿಲಿಗೆ ರಾಜಕೀಯದ ಬೀಗ ಬಿದ್ದಿತ್ತು ಅನ್ನೋಕೆ ಆಗಲ್ಲ.

ಆದ್ರೂ ಒಂದು ವಿಷಯ ಚುಚ್ಚುತ್ತೆ. ಒಳಗೆ ಬರೋಕೆ ಅವನು ಇಡೀ ಲೀಗ್‌ನ ಟಾಪ್ ಸ್ಕೋರರ್ ಆಗಬೇಕಾಯ್ತು. ಒಟ್ಟು ಸಿಕ್ಕಿದ್ದು 6 ಪಂದ್ಯ, 3 ಗೋಲು. 2006ರ ವರ್ಲ್ಡ್ ಕಪ್ ತಂಡದಲ್ಲಿ ಅವನಿಲ್ಲ. ಅಲ್ಲೂ ಉತ್ತರ ರೆಡಿ ಇದೆ. ಆ ಸೀಸನ್‌ನಲ್ಲಿ ಲೂಕಾ ಟೋನಿ 31 ಗೋಲು ಹೊಡೆದಿದ್ದ, ಜೊತೆಗೆ ಟೊಟ್ಟಿ, ಡೆಲ್ ಪಿಯೆರೊ, ಜಿಲಾರ್ಡಿನೊ, ಇನ್ಜಾಗಿ, ಯಾಕ್ವಿಂಟಾ. ಇಟಲಿ ಕಪ್ಪನ್ನೂ ಗೆದ್ದಿತು. ಲಿಪ್ಪಿ ತಪ್ಪು ಮಾಡಿದ್ರು ಅಂತ ಯಾರು ಹೇಳೋಕಾಗುತ್ತೆ?

ಬೀಗ ಅಲ್ಲ, ತಕ್ಕಡಿ

ಈಗ ಎಲ್ಲಾ ಸೇರಿಸಿ ನೋಡೋಣ. ನನಗೆ ಅನ್ನಿಸೋದು ಇಷ್ಟು. ನಾವು ರಾಜಕೀಯವನ್ನ ಸ್ವಿಚ್ ಥರ ಯೋಚಿಸ್ತೀವಿ. ಆನ್ ಆದ್ರೆ ಔಟ್. ಆದ್ರೆ ಅದು ಕೆಲಸ ಮಾಡೋದು ತಕ್ಕಡಿಗೆ ಹಾಕೋ ಸಣ್ಣ ತೂಕದ ಥರ.

ಒಬ್ಬ ಆಟಗಾರ ಉಳಿದವರಿಗಿಂತ ತುಂಬಾ ಮೇಲಿದ್ರೆ ಆ ಸಣ್ಣ ತೂಕದಿಂದ ತಕ್ಕಡಿ ಅಲುಗಾಡಲ್ಲ. ಸೊಕ್ರಾಟೆಸ್ ಹಾಗೆ. ತುಂಬಾ ಕೆಳಗಿದ್ರೆ ಪ್ರಶ್ನೆಯೇ ಬರಲ್ಲ, ಟೀಶರ್ಟ್ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಇಬ್ಬರು ಹೆಚ್ಚು ಕಮ್ಮಿ ಸಮ ಇದ್ದಾಗ ಮಾತ್ರ "ಇವನು ಬಂದ್ರೆ ಪ್ರೆಸ್ ಮೀಟ್‌ನಲ್ಲಿ ಉತ್ತರ ಕೊಡ್ತಾ ಕೂರಬೇಕು, ಅವನಾದ್ರೆ ತಲೆನೋವಿಲ್ಲ" ಅನ್ನೋ ಯೋಚನೆಗೆ ಬೆಲೆ ಬರುತ್ತೆ. ಕೋಚ್‌ಗೆ ಯಾವ ದ್ವೇಷವೂ ಇರಬೇಕಾಗಿಲ್ಲ. ನೆಮ್ಮದಿ ಬೇಕು ಅನ್ನೋ ಆಸೆ ಇದ್ರೂ ಸಾಕು.

ಅದಕ್ಕೇ ಇದನ್ನ ಹಿಡಿಯೋದು ಕಷ್ಟ. ನಡುವಿನ ಆಟಗಾರನ ಬಗ್ಗೆ ಆಟದ ಕಾರಣವೂ ಯಾವಾಗಲೂ ನಿಜವಾಗೇ ಇರುತ್ತೆ. "ಅವನಿಗಿಂತ ಇವನು ಚೂರು ಮೇಲು" ಅಂದ್ರೆ ಯಾರೂ ಸುಳ್ಳು ಅನ್ನೋಕೆ ಆಗಲ್ಲ.

ಇನ್ನೊಂದು ವ್ಯತ್ಯಾಸವೂ ಮುಖ್ಯ. ಶಿಕ್ಷೆ ಬೇರೆ, ಆಯ್ಕೆ ಆಗದಿರೋದು ಬೇರೆ. ಫುಟ್‌ಬಾಲ್‌ನ ನಿಯಮ 4ರ ಪ್ರಕಾರ ಜೆರ್ಸಿ ಮೇಲಾಗಲಿ ಒಳಗಿನ ಬಟ್ಟೆ ಮೇಲಾಗಲಿ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆ ತೋರಿಸೋ ಹಾಗಿಲ್ಲ. ತೋರಿಸಿದ್ರೆ ಶಿಕ್ಷೆ. ಅದು ಸರಿಯೋ ತಪ್ಪೋ ಅಂತ ಜಗಳ ಆಡಬಹುದು, ಆದ್ರೆ ಅಲ್ಲಿ ಏನು ತಪ್ಪು, ಎಷ್ಟು ದಂಡ ಅನ್ನೋದು ಬರಹದಲ್ಲಿದೆ, ಅಪೀಲ್ ಹಾಕಬಹುದು. ಆಯ್ಕೆ ಮಾಡದೇ ಇರೋದಕ್ಕೆ ಯಾವ ಆರ್ಡರೂ ಇಲ್ಲ. ದಂಡಕ್ಕೆ ರಸೀದಿ ಇದೆ, ಕೈಬಿಟ್ಟಿದ್ದಕ್ಕೆ ರಸೀದಿ ಇಲ್ಲ.

ಧಾರವಾಡದಲ್ಲಿ ಹುಟ್ಟಿದ ಬೌಲರ್

ಇದೆಲ್ಲಾ ಯುರೋಪ್ ಕಥೆ, ನಮಗೇನು ಅನ್ನಿಸಬಹುದು. ಹಾಗಾದ್ರೆ ನಮ್ಮ ಧಾರವಾಡದಲ್ಲಿ 1870ರ ದಶಕದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಅವರನ್ನ ನೋಡಿ. ಆಟ ಕ್ರಿಕೆಟ್, ಆದ್ರೆ ಪ್ರಶ್ನೆ ಅದೇ, ಇನ್ನೂ ಚೂಪಾಗಿ.

ಬಾಲೂ ದಲಿತ ಕುಟುಂಬದವರು. ಅಪ್ಪ ಸೇನೆಯಲ್ಲಿದ್ದರು, ಕುಟುಂಬ ಪುಣೆಗೆ ಹೋಯ್ತು. ಅಲ್ಲಿ ಇಂಗ್ಲಿಷರ ಪೂನಾ ಜಿಮ್‌ಖಾನಾದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಪಿಚ್ ನೋಡ್ಕೊಳ್ಳೋ ಕೆಲಸ. ನೆಟ್ಸ್‌ನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡ್ತಾ ಮಾಡ್ತಾ ಅದ್ಭುತ ಎಡಗೈ ಸ್ಪಿನ್ನರ್ ಆದ್ರು. ಅವರು ಇಲ್ಲದೆ ಗೆಲ್ಲೋಕಾಗಲ್ಲ ಅಂತ ಗೊತ್ತಾದ ಮೇಲೆ ಹಿಂದೂ ಕ್ರಿಕೆಟ್ ತಂಡಗಳು ಅವರನ್ನ ಸೇರಿಸಿಕೊಂಡವು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟುತ್ತಿದ್ರು. ಟೀ ಬ್ರೇಕ್‌ನಲ್ಲಿ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡೋ ಮಣ್ಣಿನ ಲೋಟದಲ್ಲಿ ಟೀ.

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ ಸೋಲಿಸಿದಾಗ ಬಾಲೂ ಆ ತಂಡದಲ್ಲಿದ್ದರು. 1911ರಲ್ಲಿ ಭಾರತ ತಂಡ ಇಂಗ್ಲೆಂಡ್ ಪ್ರವಾಸ ಹೋದಾಗ ತಂಡ ಸೋತಿದ್ದೇ ಹೆಚ್ಚು, ಆದ್ರೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದ್ರು. ಇಷ್ಟಾದ್ರೂ ಅವರನ್ನ ಹಿಂದೂ ತಂಡದ ಕ್ಯಾಪ್ಟನ್ ಮಾಡಲೇ ಇಲ್ಲ. 1920ರಲ್ಲಿ ತಮ್ಮಂದಿರಾದ ವಿಠಲ್ ಮತ್ತು ಶಿವರಾಮ್ ಈ ತಾರತಮ್ಯವನ್ನ ಬಹಿರಂಗವಾಗಿ ವಿರೋಧಿಸಿ ತಂಡದಿಂದ ಹೊರಬಂದ್ರು. ಕೊನೆಗೆ 1923ರಲ್ಲಿ ವಿಠಲ್ ಕ್ಯಾಪ್ಟನ್ ಆದ್ರು.

ತಕ್ಕಡಿ ಲೆಕ್ಕ ಇಲ್ಲಿ ಹೇಗೆ ಕೂರುತ್ತೆ ನೋಡಿ. ವಿಕೆಟ್‌ಗೆ ಲೆಕ್ಕ ಇದೆ, ಸ್ಕೋರ್‌ಬುಕ್ ಸುಳ್ಳು ಹೇಳಲ್ಲ. ಹಾಗಾಗಿ ಅವರನ್ನ ತಂಡದಿಂದ ದೂರ ಇಡೋಕೆ ಆಗಲಿಲ್ಲ. ಕ್ಯಾಪ್ಟನ್ಸಿಗೆ ಸ್ಕೋರ್‌ಬುಕ್ ಇಲ್ಲ. "ನಾಯಕತ್ವದ ಗುಣ", "ಎಲ್ಲರೂ ಒಪ್ಪೋ ವ್ಯಕ್ತಿ" ಅಂತ ಏನು ಬೇಕಾದ್ರೂ ಹೇಳಬಹುದು. ಜಾತಿ ಒಳಗೆ ನುಗ್ಗಿದ್ದು ಅಲ್ಲಿಂದಾನೇ. ಅಳೆಯೋಕೆ ಆಗೋ ಜಾಗದಲ್ಲಿ ಪೂರ್ವಗ್ರಹ ಸಿಕ್ಕಿಬೀಳುತ್ತೆ, ಅಳೆಯೋಕೆ ಆಗದ ಜಾಗದಲ್ಲಿ ಆರಾಮಾಗಿ ಕೂರುತ್ತೆ.

ಬಾಲೂ ಆಮೇಲೆ ರಾಜಕೀಯಕ್ಕೆ ಬಂದ್ರು, 1937ರಲ್ಲಿ ಕಾಂಗ್ರೆಸ್‌ನಿಂದ ಅಂಬೇಡ್ಕರ್ ವಿರುದ್ಧವೇ ನಿಂತು ಸೋತರು. ಅವರ ರಾಜಕೀಯ ನಿಲುವನ್ನ ಇವತ್ತು ಎಷ್ಟೋ ಜನ ಒಪ್ಪಲ್ಲ. ಆದ್ರೆ ಗಮನಿಸಿ, ಕ್ಯಾಪ್ಟನ್ಸಿ ತಪ್ಪಿದ್ದು ಅದಕ್ಕಿಂತ ಬಹಳ ಮುಂಚೆ. ಅವರು ಏನೂ ಮಾತಾಡದೇ ಇದ್ದಾಗಲೂ ಆಯ್ಕೆ ಮಾಡೋರು ರಾಜಕೀಯ ಮಾಡ್ತಾನೇ ಇದ್ರು. ಟೀಶರ್ಟ್ ಹಾಕಿದವನದು ಮಾತ್ರ ರಾಜಕೀಯ, ಲಿಸ್ಟ್ ಬರೆದವನದು ಬರೀ ಆಟ ಅನ್ನೋದು ಎಷ್ಟು ಸುಳ್ಳು ಅಂತ ಬಾಲೂ ಅವರ ಕಥೆ ತೋರಿಸುತ್ತೆ.

ನಮ್ಮ ಕ್ಯಾಂಪಸ್‌ಗೆ ಬಂದ್ರೆ

ನಮ್ಮಲ್ಲಿ ಒಂದು ಟೀಮ್ ಲಿಸ್ಟ್ ಬಂದ ತಕ್ಷಣ ಕೇಳೋ ಮೊದಲ ಮಾತು, "ಎಲ್ಲಾ ಪಾಲಿಟಿಕ್ಸ್ ಮಗಾ". ಹೊಳಲ್ಕೆರೆಯಿಂದ ದಿನಾ ಬಸ್ಸಲ್ಲಿ ಬರೋ ಹುಡುಗ ಇದನ್ನ ಹೇಳ್ತಾನೆ, ಹಾಸ್ಟೆಲ್‌ನಲ್ಲಿರೋ ಹಿರಿಯೂರಿನವನೂ ಹೇಳ್ತಾನೆ, ದುರ್ಗದಲ್ಲೇ ಮನೆ ಇರೋನೂ ಹೇಳ್ತಾನೆ. ಕೆಲವು ಸಲ ಅದು ನಿಜ, ಕೆಲವು ಸಲ ಬರೀ ಸಮಾಧಾನ. ಎಲ್ಲದಕ್ಕೂ ಅದೇ ಮಾತು ಹೇಳಿದ್ರೆ ನಿಜವಾಗಿ ಅನ್ಯಾಯ ಆದವನ ಮಾತೂ ಗದ್ದಲದಲ್ಲಿ ಮುಳುಗಿ ಹೋಗುತ್ತೆ. ಅದೇ ದೊಡ್ಡ ನಷ್ಟ.

ಇನ್ನೊಂದು ಕಡೆ, ಏನೋ ಒಂದು ವಿಷಯದ ಬಗ್ಗೆ ಸ್ಟೇಟಸ್ ಹಾಕಿ, ಹತ್ತು ನಿಮಿಷದಲ್ಲಿ ಡಿಲೀಟ್ ಮಾಡೋರು ನಮ್ಮಲ್ಲಿ ಎಷ್ಟು ಜನ ಇಲ್ಲ? "ನಾಳೆ ಫೆಸ್ಟ್ ಕಮಿಟಿಗೆ ತಗೊಳ್ಳಲ್ಲ, ಪ್ಲೇಸ್‌ಮೆಂಟ್‌ನಲ್ಲಿ ನೋಡ್ತಾರೆ" ಅಂತ ಭಯ. ಆ ಭಯ ಪೂರ್ತಿ ಸುಳ್ಳೂ ಅಲ್ಲ. ಆಪ್ಟಿಟ್ಯೂಡ್ ಟೆಸ್ಟ್‌ಗೆ ಸ್ಕೋರ್ ಇದೆ, ಎಚ್‌ಆರ್ ರೌಂಡ್‌ಗೆ ಇಲ್ಲ. ಬಾಲೂ ಅವರ ವಿಕೆಟ್ ಮತ್ತು ಕ್ಯಾಪ್ಟನ್ಸಿ ನೆನಪಾಯ್ತಾ?

ಇದಕ್ಕೆ ಪರಿಹಾರ ಭಾಷಣ ಅಲ್ಲ, ಪದ್ಧತಿ. ನಾವು ಎಂಜಿನಿಯರ್‌ಗಳಾಗೋರು, ಪದ್ಧತಿ ಕಟ್ಟೋದೇ ನಮ್ಮ ಕೆಲಸ. ಓಬವ್ವ ಕ್ರೀಡಾಂಗಣದಲ್ಲಿ ಟ್ರಯಲ್ಸ್ ಆಗಲಿ, ಕಾಲೇಜ್ ಗ್ರೌಂಡ್‌ನಲ್ಲಾಗಲಿ, ಏನು ನೋಡ್ತೀವಿ, ಯಾವುದಕ್ಕೆ ಎಷ್ಟು ಅಂಕ ಅಂತ ಮುಂಚೆನೇ ನೋಟಿಸ್ ಬೋರ್ಡ್‌ಗೆ ಹಾಕಬಹುದು. ಇಬ್ಬರು ಬೇರೆ ಬೇರೆ ಕೂತು ಅಂಕ ಕೊಡಬಹುದು. ಕೈಬಿಟ್ಟವರಿಗೆ ಒಂದು ಸಾಲಲ್ಲಿ ಕಾರಣ ಹೇಳಬಹುದು. ಯಾರಾದ್ರೂ ನಿಯಮ ಮೀರಿ ಏನಾದ್ರೂ ಮಾಡಿದ್ರೆ ಅದಕ್ಕೆ ಬೇರೆಯಾಗಿ, ಬರಹದಲ್ಲಿ ಕ್ರಮ ತಗೊಳ್ಳಲಿ. ಆ ಸಿಟ್ಟನ್ನ ಲಿಸ್ಟ್ ಒಳಗೆ ಬಚ್ಚಿಡೋದು ಬೇಡ. ಇದರಿಂದ ಕೋಚ್‌ಗೂ ಒಳ್ಳೇದು, ಸುಮ್ಮನೆ ಬೈಸಿಕೊಳ್ಳೋದು ತಪ್ಪುತ್ತೆ.

ಕೊನೇದಾಗಿ ನಮ್ಮನ್ನ ನಾವೇ ಚೆಕ್ ಮಾಡ್ಕೊಳ್ಳೋಕೆ ಒಂದು ಟೆಸ್ಟ್. ಹೆಸರುಗಳನ್ನ ಅದಲು ಬದಲು ಮಾಡಿ ನೋಡಿ. ಲುಕರೆಲ್ಲಿಯನ್ನ ತಗೋಬೇಕಿತ್ತು ಅನ್ನೋರು, ಡಿ ಕಾನಿಯೊ 25ನೇ ವಯಸ್ಸಲ್ಲೇ ಸೆಲ್ಯೂಟ್ ಹೊಡೆದು ಲೀಗ್‌ನ ಟಾಪ್ ಸ್ಕೋರರ್ ಆಗಿದ್ದಿದ್ರೆ ಏನು ಹೇಳ್ತಿದ್ರಿ? ಡಿ ಕಾನಿಯೊಗೆ ಅನ್ಯಾಯ ಅನ್ನೋರು ಚೆ ಟೀಶರ್ಟ್‌ಗೆ ಏನು ಹೇಳ್ತೀರಿ? ಎರಡೂ ಒಂದೇ ಅಲ್ಲ ಅಂತ ವಾದ ಮಾಡಬಹುದು. ದ್ವೇಷದ ಗುರುತಿಗೂ ಭಿನ್ನಮತದ ಗುರುತಿಗೂ ವ್ಯತ್ಯಾಸ ಇದೆ ಅಂತ ನಾನೂ ನಂಬ್ತೀನಿ. ಆದ್ರೆ ಆ ಗೆರೆಯನ್ನ ಆಟಗಾರನ ಮುಖ ನೋಡೋ ಮುಂಚೆ ಎಳೀಬೇಕು, ಎಲ್ಲರಿಗೂ ಕಾಣೋ ಹಾಗೆ ಎಳೀಬೇಕು. ಲಿಸ್ಟ್ ಬಂದ ಮೇಲೆ ಎಳೆದ ಗೆರೆ ಯಾವತ್ತೂ ನೆಟ್ಟಗಿರಲ್ಲ.

ಮುಂದಿನ ಸಲ ಯಾರಾದ್ರೂ "ಪಾಲಿಟಿಕ್ಸ್ ಮಗಾ" ಅಂದಾಗ ನಗಬೇಡಿ, ತಕ್ಷಣ ಒಪ್ಪಲೂ ಬೇಡಿ. ಯಾವುದು ಮೊದಲು, ಕ್ಯೂನಲ್ಲಿ ಯಾರಿದ್ರು, ಅದೇ ಕೆಲಸ ಮಾಡಿದ ಬೇರೆಯವರಿಗೆ ಏನಾಯ್ತು, ವಾಪಸ್ ತಗೊಂಡಾಗ ಏನು ಬದಲಾಗಿತ್ತು ಅಂತ ಕೂತು ಕೇಳಿ. ಉತ್ತರ ಗೊತ್ತಾದ ಮೇಲೂ ಅದು ಅನ್ಯಾಯ ಅಂತಾನೇ ಅನ್ನಿಸಿದ್ರೆ, ಆಗ ಅವನ ಜೊತೆ ಹೋಗಿ ನೋಟಿಸ್ ಬೋರ್ಡ್ ಮುಂದೆ ನಿಲ್ಲಿ.